ದೇವರ ಜಗಲಿ ಏರಿದ ಸರಪಳಿ

ನಾನು ಒಂದು ಸರಪಳಿ ಬೀಗ. ಕೆಂಪಗೆ ಕಾದ ನನ್ನ ಕೊಂಡಿಗಳನ್ನು ಎಣ್ಣೆಯಲ್ಲಿ ಅದ್ದಿದಾಗ ಎದ್ದ ಚೊಂಯ್ ಎಂಬ ಸದ್ದೇ ನನ್ನ ಮೊದಲ ಅಳು. ಅದು ಯಾವ ಊರೋ ತಿಳಿಯದು. ನಾನು ಲೋಕ ನೋಡಿದ್ದು ಗದಗಿನಲ್ಲಿ, ರಾಜೇಸಾಬರ ಅಂಗಡಿಯ ಮೊಳೆಗೆ ನೇತುಬಿದ್ದ ಮೇಲೆ.

ಅಲ್ಲಿಗೆ ಒಂದು ದಿನ ಸುವರ್ಣಾ ಬಂದಳು. ಗಂಡ ತೀರಿಕೊಂಡ ಮೇಲೆ ರೊಟ್ಟಿ ಬಡಿದು ಮನೆ ನಡೆಸುವವಳು. ನಸುಕಿನಲ್ಲಿ ಒಲೆ ಮುಂದೆ ಕೂತರೆ ಹನ್ನೊಂದಕ್ಕೆ ಇನ್ನೂರು ರೊಟ್ಟಿ ಬುಟ್ಟಿಗೆ ಬೀಳಬೇಕು, ಹನ್ನೆರಡರೊಳಗೆ ಅವು ನಾಲ್ಕು ಖಾನಾವಳಿ ಮುಟ್ಟಬೇಕು. ಅದಕ್ಕೆಂದೇ ಇದ್ದ ಸ್ಕೂಟರನ್ನು ಸಂತೆಯಲ್ಲಿ ಯಾರೋ ಕದ್ದೊಯ್ದಿದ್ದರು. ಈಗ ಇನ್ನೊಂದು ಹಳೆಯದು ಮನೆಗೆ ಬಂದಿತ್ತು. ಇದೂ ಹೋದರೆ ಖಾನಾವಳಿಯವರು ಬೇರೆ ರೊಟ್ಟಿಯವರನ್ನು ಹುಡುಕಿಕೊಳ್ಳುತ್ತಾರೆ. ಹಸಿದು ಕೂತ ಗಿರಾಕಿಗೆ ಕಳ್ಳನ ಕತೆ ಹೇಳಲಿಕ್ಕಾಗುತ್ತದೆಯೆ?

ಗಡಿಗೆ ಕೊಳ್ಳುವವರು ಬಡಿದು ನೋಡುವ ಹಾಗೆ ಆಕೆಗೆ ಬೀಗವನ್ನೂ ಪರೀಕ್ಷೆ ಮಾಡಬೇಕಿತ್ತು.

"ಬಾಯಿಲೆ ಹೇಳಬ್ಯಾಡ್ರಿ ಚಾಚಾ. ಕತ್ತರಿಸಿ ತೋರಸ್ರಿ."

"ಕತ್ತರಿಸಿದ್ದನ್ನ ಯಾರಿಗೆ ಮಾರ್ಲಿ ತಂಗಿ?" ಎಂದು ರಾಜೇಸಾಬರು ನಕ್ಕರು. ಆಕೆ ಕದಲಲಿಲ್ಲ. ಕಡೆಗೆ ಅವರು ದೊಡ್ಡ ಕಟರ್ ತಂದು, ನನ್ನ ಪಕ್ಕದಲ್ಲಿ ತೂಗುತ್ತಿದ್ದ ತಂತಿಬೀಗವನ್ನು ಅದರ ಬಾಯಿಗಿಟ್ಟರು. ಬೆಂಡೆಕಾಯಿಯ ಹಾಗೆ ಎರಡು ತುಂಡು. ಆರು ತಿಂಗಳು ಒಂದೇ ಮೊಳೆ ಹಂಚಿಕೊಂಡ ಗೆಳೆಯ ಕಣ್ಣೆದುರೇ ಹೋಗಿಬಿಟ್ಟ. ನಾನು ನಡುಗುತ್ತಿರುವಾಗಲೇ ಕಟರ್ ನನ್ನನ್ನೂ ಕಚ್ಚಿತು. ರಾಜೇಸಾಬರ ಕುತ್ತಿಗೆಯ ನರ ಉಬ್ಬಿತು. ನನ್ನ ಮೇಲೆ ಒಂದು ಗೀರು ಬಿತ್ತು, ಅಷ್ಟೇ.

"ಇದನ್ನ ಕೊಡ್ರಿ," ಅಂದಳು.

ಕೊಡುವಾಗ ಅವರು ಬುದ್ಧಿಯನ್ನೂ ಹೇಳಿದರು. "ಬರೇ ಗಾಲಿಗೆ ಹಾಕಬ್ಯಾಡ, ಎತ್ತಿ ಟೆಂಪೋದಾಗ ಒಗದು ಹೋಗ್ತಾರ. ಕಂಬಕ್ಕ ಬಿಗಿ. ಹ್ಯಾಂಡಲ್ ಲಾಕ್ ಅಂತೂ ನಂಬಲೇಬ್ಯಾಡ, ಒಂದು ಸಲ ಜಗ್ಗಿದ್ರ ಮುರೀತೈತಿ."

ಅಂದಿನಿಂದ ಮೂರು ವರ್ಷ ನಾನು ಆಕೆಯ ಮಾತು ಉಳಿಸಿಕೊಟ್ಟೆ. ಖಾನಾವಳಿ ಮುಂದೆ ಲೈಟುಕಂಬ, ಮನೆ ಮುಂದೆ ಕಿಟಕಿಯ ಸರಳು. ಕಟ್ಟೆಯ ಮೇಲೆ ಕೂತ ಅತ್ತೆ ಬಸಲಿಂಗವ್ವ ಚುಚ್ಚುತ್ತಿದ್ದಳು. "ಏನವಾ, ಎಮ್ಮಿ ಕಟ್ಟಿದಂಗ ಕಟ್ತೀಯಲ್ಲ."

"ಹಾಲು ಕೊಡೋ ಎಮ್ಮೀನ ಅಲ್ಲೇನ್ರಿ ಅತ್ತಿ?"

ಮುದುಕಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು, ನಗು ಮುಚ್ಚಲಿಕ್ಕೆ.

ಆಮೇಲೆ ಆ ವರ್ಷದ ಖಂಡೇಪೂಜೆ, ಅಂದರೆ ದಸರೆಯ ಆಯುಧಪೂಜೆ, ಬಂತು. ಖಾನಾವಳಿಗಳಿಗೆ ರಜೆ. ಸುವರ್ಣಾ ಸ್ಕೂಟರ್ ತೊಳೆದು ಚೆಂಡುಹೂವಿನ ಮಾಲೆ ಹಾಕಿದಳು. ಬಸಲಿಂಗವ್ವ ಮನೆಯ ಕಬ್ಬಿಣವನ್ನೆಲ್ಲ ದೇವರ ಜಗಲಿಗೆ ತಂದಳು: ಈಳಿಗೆ, ಕತ್ತರಿ, ರೊಟ್ಟಿಯ ಹಂಚು. ಹಿಂದಿನ ವರ್ಷಗಳಲ್ಲಿ ನನ್ನನ್ನು ಮರೆತಿದ್ದವಳಿಗೆ ಈ ವರ್ಷ ನೆನಪಾಯಿತು. "ಅನ್ನಾ ಕಾಯೋದು ಇದ, ಇದಕ್ಕ ಪೂಜಿ ಇಲ್ಲಂದ್ರ ಹ್ಯಾಂಗ?" ಎಂದು ಕೀಲಿಯ ಸಮೇತ ಬಿಚ್ಚಿ ತಂದು ವಿಭೂತಿ ಬಳಿದು, ಕುಂಕುಮ ಇಟ್ಟಳು. ನಾನು ಉಬ್ಬಿಹೋದೆ. ಕಬ್ಬಿಣಕ್ಕೂ ಗರ್ವ ಇರುತ್ತದೆ.

ಆದರೆ ಪೂಜೆಗಿಟ್ಟ ಆಯುಧವನ್ನು ಮರುದಿನ ಬನ್ನಿ ಮುಡಿಯುವವರೆಗೆ ಮುಟ್ಟುವ ಹಾಗಿಲ್ಲ. ಅದು ಆ ಮನೆಯ ಕಟ್ಟು.

ಸುವರ್ಣಾ ಬಾಗಿಲಲ್ಲಿ ನಿಂತು ಒಮ್ಮೆ ಸ್ಕೂಟರನ್ನು, ಒಮ್ಮೆ ನನ್ನನ್ನು ನೋಡಿದಳು. ಮೂರು ಮೆಟ್ಟಿಲು ಏರಿಸಿ ಅದನ್ನು ಒಳಗೆ ತರುವುದು ಇಬ್ಬರು ಹೆಂಗಸರ ಕೈಯಲ್ಲಿ ಆಗುವುದಲ್ಲ. ಬೀಗ ತೆಗೆದುಕೊಳ್ಳಲೇ ಎಂದು ಕೇಳಿದಳು. ಅತ್ತೆ ಗದರಲಿಲ್ಲ, ಮೆಲ್ಲಗೇ ಹೇಳಿದಳು. "ಹ್ಯಾಂಡಲ್ ಲಾಕ್ ಐತಲ್ಲವಾ. ಹಬ್ಬದ ದಿನ, ಹಾಡಹಗಲು, ಹೂವಿನ ಮಾಲಿ ಹಾಕಿದ್ದನ್ನ ಯಾವ ಪಾಪಿ ಮುಟ್ಟತಾನ?"

ಇಬ್ಬರೂ ಹೋಳಿಗೆ ಊಟಕ್ಕೆ ಕೂತರು. ಎರಡನೇ ಹೋಳಿಗೆ ಎಲೆಗೆ ಬಿದ್ದಾಗ ಹೊರಗೆ ಟಕ್ ಎಂದಿತು. ಹ್ಯಾಂಡಲ್ ಲಾಕ್. ಹಿಂದೆಯೇ ಸ್ಟ್ಯಾಂಡ್ ಒದ್ದ ಸಪ್ಪಳ. ಮೂರು ವರ್ಷ ದಿನಕ್ಕೆ ಹತ್ತು ಸಲ ಕೇಳಿದ ಸಪ್ಪಳ ಅದು, ನನಗೆ ತಪ್ಪುವುದಿಲ್ಲ. ಕೂಗಬೇಕು, ಬಾಯಿಲ್ಲ. ಓಡಬೇಕು, ಕಾಲಿಲ್ಲ. ಮೈತುಂಬ ವಿಭೂತಿ ಬಳಿದುಕೊಂಡು ದೇವರ ಪಕ್ಕ ಬಿದ್ದಿದ್ದೆ.

ಎದುರುಮನೆಯವರು ಕಳ್ಳನನ್ನು ನೋಡಿದ್ದರಂತೆ. ಹಣೆಯಲ್ಲಿ ಕುಂಕುಮ ಇತ್ತಂತೆ. ಸ್ಕೂಟರಿಗೆ ಕೈಮುಗಿದು ತಳ್ಳಿಕೊಂಡು ಹೋದನಂತೆ. ಬಳಗದವನು ಗುಡಿಗೆ ಪೂಜೆಗೆ ಒಯ್ಯುತ್ತಿದ್ದಾನೆ ಅಂದುಕೊಂಡರಂತೆ. ಸುವರ್ಣಾ ಕೈತೊಳೆಯದೇ ಓಡಿದಳು. ಉದುರಿದ ಚೆಂಡುಹೂವಿನ ಎಸಳು ಓಣಿಯುದ್ದಕ್ಕೂ ದಾರಿ ತೋರಿಸಿದವು. ದೊಡ್ಡ ರಸ್ತೆಯಲ್ಲಿ, ಟೆಂಪೋದ ಗಾಲಿ ಗುರುತು ಬಿದ್ದ ಕಡೆ, ಎಸಳು ನಿಂತುಹೋಗಿದ್ದವು.

ಕೇಳಿ ಬರೆದುಕೊಳ್ಳಲು ಬಂದ ಪೊಲೀಸಿನವನು ಬೀಗ ಹಾಕಿರಲಿಲ್ಲವೇ ಎಂದು ಕೇಳಿದ.

"ಬೀಗ ದೇವರ ಮುಂದ ಇತ್ರಿ," ಅಂದಳು ಸುವರ್ಣಾ.

ಅವನು ಜಗಲಿಯ ಕಡೆ ನೋಡಿದ. ಪೆನ್ನು ಹಾಗೇ ನಿಂತಿತು.

ಮರುದಿನ ಬನ್ನಿ ಕೊಡಲು ಬಂದವರಿಗೆ ಬಸಲಿಂಗವ್ವ ಕೈಯೊಡ್ಡಲಿಲ್ಲ. ಅದರ ಮರುದಿನ, ಅರವತ್ತೆಂಟರ ಮುದುಕಿ, ಸೊಸೆಯ ಮುಖ ನೋಡದೆ ಒಂದು ರೊಟ್ಟಿ ಬುಟ್ಟಿ ತಲೆಯ ಮೇಲಿಟ್ಟು ಬಸ್ಸಿಗೆ ನಡೆದಳು. ಹೀಗೆ ಎಂಟು ತಿಂಗಳು. ನಾಲ್ಕು ಖಾನಾವಳಿಗಳಲ್ಲಿ ಎರಡು ಹೋದವು, ಎರಡು ಉಳಿದವು. ನಾನು ಅಡುಗೆಮನೆಯ ಗೂಟದಲ್ಲಿ ನೇತಾಡುತ್ತ ಮುದುಕಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವುದನ್ನು ನೋಡುತ್ತಿದ್ದೆ.

ಮತ್ತೆ ಸ್ಕೂಟರ್ ಬಂತು. ಮತ್ತೆ ಖಂಡೇಪೂಜೆಯೂ ಬಂತು. ಸುವರ್ಣಾ ಜಗಲಿಗೆ ಒಯ್ಯಲೆಂದು ನನ್ನನ್ನು ಬಿಚ್ಚಲು ಬಗ್ಗಿದಳು. ಮುದುಕಿ ಆಕೆಯ ಕೈ ಹಿಡಿದಳು. ಒಳಗಿನಿಂದ ಆರತಿ ತಟ್ಟೆ ತಂದು, ಮೂರು ಮೆಟ್ಟಿಲು ಕುಂಟುತ್ತ ಇಳಿದು, ಸರಳಿಗೆ ಬಿಗಿದಿದ್ದ ಹಾಗೆಯೇ ನನಗೆ ಕುಂಕುಮ ಇಟ್ಟಳು.

"ದೇವರಿಗೆ ಕಾಲು ಅದಾವ, ಹೊರಗ ಬರ್ತಾನ. ಇದಕ್ಕಿಲ್ಲ."

ಈಗ ನನಗೆ ತುಕ್ಕು. ಕೀಲಿ ತಿರುಗುವುದಿಲ್ಲ. ಸ್ಕೂಟರಿಗೆ ಹೊಸ ಬೀಗ ಬಂದಿದೆ. ನಾನು ಅದೇ ಸರಳಿಗೆ ಕಚ್ಚಿಕೊಂಡೇ ಉಳಿದಿದ್ದೇನೆ. ಬಸಲಿಂಗವ್ವ ಇಲ್ಲ. ವರ್ಷಕ್ಕೊಮ್ಮೆ ಸುವರ್ಣಾ ಆರತಿ ಹಿಡಿದು ಹೊರಗೆ ಬರುತ್ತಾಳೆ, ಹೊಸ ಬೀಗಕ್ಕೆ ಇಟ್ಟ ಮೇಲೆ ನನಗೂ ಒಂದು ಬೊಟ್ಟು ಇಡುತ್ತಾಳೆ. ಓಣಿಯಲ್ಲಿ ಯಾರೇ ಸ್ಟ್ಯಾಂಡ್ ಒದ್ದರೂ ನನ್ನ ಕೊಂಡಿಗಳು ಇಂದಿಗೂ ಝಲ್ಲೆನ್ನುತ್ತವೆ.