ದಡದಲ್ಲಿ ಬಟ್ಟೆ ಕಾಯುವುದು

ನಾನು ಒಂದು ನೀಲಿ ಹಲಗೆ. ಮರದ್ದಲ್ಲ, ಹಗುರವಾದ ಫೋಮಿನದು. ಈಜು ಕಲಿಯುವವರು ನನ್ನನ್ನು ಮುಂದೆ ಹಿಡಿದುಕೊಂಡು ಕಾಲು ಬಡಿಯುತ್ತಾರೆ. ಕಾರ್ಖಾನೆಯಲ್ಲಿ ದೊಡ್ಡದೊಂದು ಹಾಳೆಯಿಂದ ನನ್ನನ್ನು ಕತ್ತರಿಸಿದರು. ಪಕ್ಕದಲ್ಲಿದ್ದವರು ಯಾವ ಯಾವ ಊರಿಗೆ ಹೋದರೋ ತಿಳಿಯದು. ನಾನು ಮೈಸೂರಿನ ಒಂದು ಈಜುಕೊಳಕ್ಕೆ ಬಂದೆ. ಮುಳುಗುವುದು ನನಗೆ ಬಾರದು. ನನ್ನ ವಿದ್ಯೆ ಅಷ್ಟೇ.

ಮೊದಲು ಮಕ್ಕಳ ಕೈಗೆ ಸಿಕ್ಕಿದೆ. ಅವರು ನನ್ನ ಮೂಲೆ ಕಚ್ಚಿದರು, ಈಜು ಕಲಿತರು, ಮರೆತರು. ಚೆನ್ನಾಗಿ ಕಲಿತವರಿಗೆ ನಾನು ಬೇಕಾಗುವುದಿಲ್ಲ. ಇದು ಗೊತ್ತಿದ್ದರೂ ಪ್ರತಿಸಲ ಬೇಸರವಾಗುತ್ತಿತ್ತು.

ಆಮೇಲೆ ಹೆಂಗಸರ ಬ್ಯಾಚಿಗೆ ಇಂದುಮತಿ ಬಂದರು. ಐವತ್ತರ ಹತ್ತಿರದ ವಯಸ್ಸು. ಒಬ್ಬರೇ ಬರುತ್ತಿದ್ದರು, ಒಬ್ಬರೇ ಹೋಗುತ್ತಿದ್ದರು. ಕಚ್ಚಿದ ಮೂಲೆಯ ಗುರುತು ಹಿಡಿದು ದಿನವೂ ನನ್ನನ್ನೇ ಆರಿಸುತ್ತಿದ್ದರು. ನೀರಿನಲ್ಲಿ ಅವರ ಬೆರಳುಗಳು ನನ್ನೊಳಗೆ ಹೂತುಹೋಗುತ್ತಿದ್ದವು. ಹೆದರಿಕೆಗೆ ಇಡೀ ಮೈಭಾರವನ್ನು ಚಾಚಿದ ತೋಳುಗಳಿಂದ ನನ್ನ ಮೇಲೆ ಹಾಕುತ್ತಿದ್ದರು. ಸ್ವಲ್ಪ ದಿನಕ್ಕೆ ಬಲಭುಜ ನೋಯತೊಡಗಿತು. ಬೆಂಚಿನಲ್ಲಿ ಕುಳಿತು ಎಡಗೈಯಲ್ಲೇ ತಲೆ ಒರೆಸಿಕೊಳ್ಳುವುದನ್ನು ನಾನು ನೋಡುತ್ತಿದ್ದೆ. ಈಜು ಕಲಿಸುವ ಪುಷ್ಪಲತಾ ಮೇಡಂ ಕೂಡ ನೋಡಿದರು.

“ಡಾಕ್ಟರಿಗೆ ತೋರಿಸಿದ್ರಾ?”

“ತೋರಿಸ್ದೆ ಮೇಡಂ. ಕಾಲು ಬಡೀಬಹುದಂತೆ. ಕೈ ಚಾಚಿ ಭಾರ ಹಾಕಬಾರದಂತೆ.”

“ಹಲಗೆ ಹಿಡೀದೆ ಹೇಗೆ ಬಡೀತೀರಿ? ಪೂರ್ತಿ ವಾಸಿ ಮಾಡ್ಕೊಂಡು ಮುಂದಿನ ವರ್ಷ ಬನ್ನಿ.”

“ಈಗ ಬಿಟ್ರೆ ಮತ್ತೆ ಧೈರ್ಯ ಬರಲ್ಲ, ಮೇಡಂ.” ಇಂದುಮತಿ ನನ್ನನ್ನು ತೊಡೆಯ ಮೇಲಿಟ್ಟುಕೊಂಡರು. “ನಮ್ಮಣ್ಣಂದಿರು ನಾಲೇಲಿ ಈಜು ಕಲಿಯೋವಾಗ ದಡದಲ್ಲಿ ಕೂತು ಅವರ ಬಟ್ಟೆ ಕಾಯೋದು ನನ್ನ ಕೆಲಸ. ಹೆಣ್ಣುಮಕ್ಕಳು ಇಳೀಬಾರದು ಅಂತ. ಅವರು ಒಣಗಿದ ಸೋರೆಬುರುಡೆ ಕಟ್ಕೊಂಡು ಹಾರೋರು...” ಅವರು ನನ್ನನ್ನು ತಿರುಗಿಸಿ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: “ಬೆನ್ನಿಗೆ ಕಟ್ಕೋತಿದ್ರು. ಕೈಯಲ್ಲಿ ಹಿಡೀತಿರಲಿಲ್ಲ.”

ಮರುದಿನ ಹಳೆಯ ಹತ್ತಿಯ ದುಪಟ್ಟಾ ತಂದರು. ಮೇಡಂ ನನ್ನನ್ನು ಅವರ ಬೆನ್ನಿಗೆ, ಸೊಂಟದ ಹತ್ತಿರ, ಬಿಗಿಯಾಗಿ ಕಟ್ಟಿದರು. ಬ್ಯಾಚಿನ ಶಾಂತಲಾ ನಕ್ಕರು. “ಏನ್ರೀ, ಹಸೆಮಣೆ ಬೆನ್ನಿಗೇ ಕಟ್ಕೊಂಡು ಬಂದ್ಬಿಟ್ರಾ?”

“ಹೂಂ, ಗಂಡು ಆಚೆ ದಡದಲ್ಲಿದ್ದಾನೆ” ಎಂದರು ಇಂದುಮತಿ.

ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು ಕಾಲು ಬಡಿದರು. ಮೇಡಂ ಪಕ್ಕದಲ್ಲೇ ನಡೆದರು. ಮೊದಲ ಸಲ ಆ ಬೆರಳುಗಳು ನನ್ನನ್ನು ಹಿಡಿದಿರಲಿಲ್ಲ. ಬೆನ್ನಿನ ಮೇಲಿದ್ದ ನನಗೆ ಅವರ ಉಸಿರು ಮಾತ್ರ ತಿಳಿಯುತ್ತಿತ್ತು. ದಿನದಿಂದ ದಿನಕ್ಕೆ ಅದು ನಿಧಾನವಾಯಿತು. ಭುಜದ ಬಿಗಿತವೂ ಸಡಿಲವಾಗುತ್ತ ಬಂತು.

ಡಾಕ್ಟರು ಒಪ್ಪಿದ ಮೇಲೆ ಮೇಡಂ ಕೈ ಬೀಸುವುದನ್ನೂ ಕಲಿಸಿದರು. ಒಂದು ಬೆಳಿಗ್ಗೆ ಇಂದುಮತಿ ದುಪಟ್ಟಾ ತರಲಿಲ್ಲ. ನನ್ನನ್ನು ಬೆಂಚಿನ ಮೇಲಿಟ್ಟು, ನನ್ನ ಮೇಲೆ ಕನ್ನಡಕ ಇಟ್ಟು ನೀರಿಗಿಳಿದರು. ಬಲಗೈ ಅರ್ಧಕ್ಕಿಂತ ಮೇಲೇಳಲಿಲ್ಲ. ನಡುವಿನಲ್ಲಿ ಒಮ್ಮೆ ತಲೆ ಕಾಣಲಿಲ್ಲ, ಮತ್ತೆ ಕಂಡಿತು. ಆಚೆ ಗೋಡೆ ಮುಟ್ಟಿದರು. ಈಚೆ ತಿರುಗಿ ನೋಡಲಿಲ್ಲ. ನೋಡಿದ್ದರೂ ಕನ್ನಡಕ ನನ್ನ ಹತ್ತಿರವಿತ್ತು.

ಈಗ ನನ್ನ ಅಂಚು ಉದುರಿದೆ. ಕಲಿಯುವವರು ಯಾರೂ ನನ್ನನ್ನು ಮುಟ್ಟುವುದಿಲ್ಲ. ಇಂದುಮತಿ ಮಾತ್ರ ಬಂದ ಕೂಡಲೇ ಮೂಲೆಯಿಂದ ನನ್ನನ್ನು ಎತ್ತಿ ಬೆಂಚಿನ ಮೇಲಿಡುತ್ತಾರೆ, ಮಡಿಸಿದ ಬಟ್ಟೆಯನ್ನು ನನ್ನ ಮೇಲಿಟ್ಟು ಹೋಗುತ್ತಾರೆ. ನಾನು ಕಾಯುತ್ತೇನೆ. ಬಟ್ಟೆ ಬೆಚ್ಚಗಿರುತ್ತದೆ, ಸ್ವಲ್ಪ ಹೊತ್ತು.