ಹೊಗಳಿಕೆಗೆ ಹೋದ ಕುದುರೆ

ನನ್ನ ಗಂಡ ಶಾರ್ಶೆನ್‌ನ ಕೈ ದೊಡ್ಡದು ಎಂದು ಈ ಬೆಟ್ಟದ ಗುಡಾರಗಳಲ್ಲೆಲ್ಲ ಮಾತು. ದೊಡ್ಡದೇ ಇರಬಹುದು. ಆದರೆ ಆ ಕೈ ಹೋಗುವುದು ಹೆಚ್ಚಾಗಿ ನನ್ನ ಗಂಟಿಗೆ.

ನಡುಬೇಸಿಗೆಯಲ್ಲಿ ನಮಗೆ ಕೂರಲು ಪುರುಸೊತ್ತಿಲ್ಲ. ಗಂಡಸರು ಕೆಳಗಿನ ಕಣಿವೆಯಲ್ಲಿ ಚಳಿಗಾಲಕ್ಕೆ ಹುಲ್ಲು ಕೊಯ್ಯುತ್ತಾರೆ, ನಾವು ಹೆಂಗಸರು ಮೇಲೆ ಕುದುರೆಗಳ ಹಾಲು ಕರೆಯುತ್ತೇವೆ. ನೆಲಕ್ಕೆ ಬಿಗಿದ ಉದ್ದ ಹಗ್ಗಕ್ಕೆ ಮರಿಗಳನ್ನು ಸಾಲಾಗಿ ಕಟ್ಟಿದರೆ ತಾಯಂದಿರು ದೂರ ಹೋಗುವುದಿಲ್ಲ. ಮರಿ ಮೊದಲು ಬಾಯಿ ಹಾಕಬೇಕು, ಆಮೇಲೆ ಅದನ್ನು ಪಕ್ಕಕ್ಕೆಳೆದು ಕರೆಯಬೇಕು. ಹೊತ್ತು ಮುಳುಗುವತನಕ ಇದೇ ಕೆಲಸ. ಹಾಲು ಹುಳಿ ಬಂದು ಕುಮಿಸ್ ಎಂಬ ಸಣ್ಣ ಅಮಲಿನ ಪೇಯವಾಗುತ್ತದೆ. ಅದನ್ನು ಕುಡಿದು ಮೀಸೆ ಒರೆಸಿಕೊಳ್ಳುವವರಿಗೆ ನಮ್ಮ ಸೊಂಟನೋವಿನ ಸುದ್ದಿ ಬೇಡ.

ಈ ಸಲ ಮರಿ ಹಾಕಿದ ಬೂದು ಹೆಣ್ಣುಕುದುರೆ ನನ್ನದು. ಅದರ ಅಜ್ಜಿಯನ್ನು ನನ್ನ ಮದುವೆಯಲ್ಲಿ ಅಮ್ಮ ನನ್ನ ಪಾಲಿಗೆಂದು ಕೊಟ್ಟಿದ್ದಳು. ಹುಲ್ಲು ಒಣಗುವ ಹೊತ್ತಿಗೆ ಮಗಳು ನುರಿಪಾಳ ಮದುವೆ. ಬೂದು ಕುದುರೆ ಅವಳ ಜೊತೆ ಹೋಗುತ್ತದೆಂದು ನಾನು ಯಾವಾಗಲೋ ಹೇಳಿಟ್ಟಿದ್ದೆ.

ಅಷ್ಟರಲ್ಲಿ ಶಾರ್ಶೆನ್‌ನ ಸೈನ್ಯದ ಗೆಳೆಯ ತೊಕ್ತೊಸುನ್ ಪಟ್ಟಣದಿಂದ ಬಂದ. ಕುರಿ ಕಡಿದೆವು, ನೆರೆಯವರನ್ನು ಕರೆದೆವು. ಉಂಡಾದ ಮೇಲೆ ನನ್ನ ಗಂಡ ಎಲ್ಲರನ್ನೂ ಹೊರಗೆ ಕರೆದೊಯ್ದು, ಬೂದು ಕುದುರೆಯ ಬೆನ್ನು ತಟ್ಟಿ ನಿಂತ.

"ಇದಕ್ಕೆ ಸಮ ಇನ್ನೊಂದಿದ್ರೆ ತೋರ್ಸಪ್ಪ!"

ನಮ್ಮಲ್ಲಿ ದೊಡ್ಡ ಅತಿಥಿ ಕುದುರೆಯನ್ನು ಬಾಯಿಬಿಟ್ಟು ಹೊಗಳಿದರೆ ಹಗ್ಗವನ್ನು ಅವನ ಕೈಗೆ ಕೊಡಲೇಬೇಕು. ಅದಕ್ಕೇ ಮರ್ಯಾದಸ್ಥರು ಒಳ್ಳೆಯ ಕುದುರೆ ಕಂಡರೆ ಮಳೆಯ ಮಾತೆತ್ತುತ್ತಾರೆ. ಈ ಮಹಾರಾಯನಿಗೋ ಹೊಗಳಿಕೆ ಬೇಕಿತ್ತು, ಕುದುರೆಯೂ ಉಳಿಯಬೇಕಿತ್ತು. ಪಟ್ಟಣದಲ್ಲಿ ತಲೆ ನರೆಸಿಕೊಂಡ ತೊಕ್ತೊಸುನ್, ಹೊಟ್ಟೆ ತುಂಬ ಕುಮಿಸ್ ಕುಡಿದವನು, ಜೋರಾಗಿ ಹೇಳಿಯೇಬಿಟ್ಟ.

"ಎಂಥಾ ಕುದುರೆ ಕಣೋ! ಇಂಥದ್ದು ನಾನೆಲ್ಲೂ ನೋಡಿಲ್ಲ!"

ನೆರೆಯವರೆಲ್ಲ ನನ್ನ ಗಂಡನತ್ತ ತಿರುಗಿದರು. ಶಾರ್ಶೆನ್‌ನ ಮುಖ ಬಿಳಿಚಿಕೊಂಡಿದ್ದನ್ನು ನಾನು ಕಂಡೆ. ಆಮೇಲೆ ಅವನು ನಕ್ಕ.

"ನಿಂದೇ ಅಂದ್ಕೋ. ತಗೊಂಡ್ ಹೋಗು."

"ಛೆ ಛೆ, ಬೇಡ ಮಾರಾಯ," ಎಂದ ತೊಕ್ತೊಸುನ್. ಅವನ ಕೈ ಆಗಲೇ ಕುದುರೆಯ ಕುತ್ತಿಗೆಯ ಮೇಲಿತ್ತು.

ಗಂಡನನ್ನು ಗುಡಾರದ ಹಿಂದಕ್ಕೆ ಎಳೆದೆ.

"ರೀ, ಅದು ನಂದು. ನುರಿಪಾಗೆ ಅಂತ ಇಟ್ಕೊಂಡಿರೋದು."

"ಜನರೆದುರು ಆಡಿದ್ದಾಯ್ತಲ್ಲೇ. ಈಗ ಇಲ್ಲ ಅಂದ್ರೆ ನನ್ನ ಮುಖ ಎಲ್ಲಿಡ್ಲಿ?"

"ನಿಮ್ಮ ಸವಾರಿ ಕುದುರೆ ಕೊಡಿ."

"ಅವ್ನು ಹೊಗಳಿದ್ದು ಅದನ್ನಲ್ವಲ್ಲ!"

ಅವನ ಕುದುರೆಯನ್ನು ಯಾರೂ ಹೊಗಳುವುದಿಲ್ಲ, ಅದು ನಿಜ. ಕೂಗಾಡಿಬಿಡಬೇಕೆನ್ನಿಸಿತು. ಆದರೆ ಅತಿಥಿಯೆದುರು ದನಿಯೆತ್ತಿದ ಹೆಂಗಸೆಂಬ ಹೆಸರು ಮಗಳ ಮದುವೆಗೆ ಮೊದಲೇ ಅವಳ ಅತ್ತೆಮನೆ ಮುಟ್ಟುತ್ತಿತ್ತು. ನುಂಗಿಕೊಂಡೆ.

ತೊಕ್ತೊಸುನ್ ಬೂದು ಕುದುರೆಯನ್ನು ಹಿಡಿದು ಹೊರಟಾಗ ಸಾಲಿನಲ್ಲಿ ಕಟ್ಟಿದ್ದ ಅದರ ಹೆಣ್ಣು ಮರಿ ಕೂಗತೊಡಗಿತು. ತಾಯಿ ಮುಂದಕ್ಕೆ ಕಾಲೆತ್ತಿಡಲೊಲ್ಲದು. ಮರಿಯನ್ನು ಇಟ್ಟುಕೊಂಡರೆ ನುರಿಪಾಳಿಗೆ ಅದಾದರೂ ಉಳಿಯುತ್ತಿತ್ತು. ಆದರೆ ಬೇರೆ ಕುದುರೆಗಳು ಅದನ್ನು ಒದ್ದೋಡಿಸುತ್ತವೆ, ಇನ್ನೂ ಹುಲ್ಲು ಕಚ್ಚದ ಕೂಸು. ಹೋಗಿ ಹಗ್ಗ ಬಿಚ್ಚಿದೆ.

"ಏಯ್, ಏನ್ ಮಾಡ್ತಿದೀಯೇ?" ಎಂದು ಶಾರ್ಶೆನ್ ಓಡಿಬಂದ.

"ತಾಯೀನ ನೀವು ಕೊಟ್ರಿ. ಮರೀನ ನಾನು ಕೊಡ್ತಿದೀನಿ. ಹಾಲಿಲ್ದೆ ಸಾಯೋದನ್ನ ನೋಡ್ಕೊಂಡಿರ್ಲಾ?"

ತೊಕ್ತೊಸುನ್ ಎದೆಯ ಮೇಲೆ ಕೈಯಿಟ್ಟು ಬಾಗಿದ. "ಅತ್ತಿಗೆ, ಇಂಥ ಮನೆ ಹುಡುಕಿದ್ರೂ ಸಿಗಲ್ಲ!"

ಮರಿ ತಾಯಿಯ ಪಕ್ಕೆಗೆ ಒತ್ತಿಕೊಂಡು ಓಡಿತು. ಆಗ ಕುದುರೆಯೂ ಸುಮ್ಮನೆ ನಡೆಯಿತು. ಅವು ಇಳಿಜಾರಿನಲ್ಲಿ ಮರೆಯಾಗುವವರೆಗೆ ನಾನು ನಿಂತಿದ್ದೆ, ನಂತರ ಉಳಿದವುಗಳ ಹಾಲು ಕರೆಯಲು ಕೂತೆ.

ಸುದ್ದಿ ಗುಡಾರದಿಂದ ಗುಡಾರಕ್ಕೆ ಹಬ್ಬಿತು. ಶಾರ್ಶೆನ್ ಕುದುರೆ ಕೊಟ್ಟನಂತೆ, ಸಾಲದೆಂದು ಮರಿಯನ್ನೂ ಕೊಟ್ಟನಂತೆ. ಅವನು ಅಲ್ಲವೆನ್ನಲಿಲ್ಲ. ಎದೆಯುಬ್ಬಿಸಿ ತಿರುಗಿದ.

ಒಂದು ಸಂಜೆ ನುರಿಪಾ ನೀರು ತಂದಿಟ್ಟು ನಗುತ್ತ ನನ್ನ ಪಕ್ಕ ಕೂತಳು. ಅವಳ ಕೆನ್ನೆ ಕೆಂಪಾಗಿತ್ತು.

"ಅಮ್ಮಾ, ಅತ್ತೆಮನೆಯವ್ರೂ ಅಪ್ಪನ್ನ ಹೊಗಳ್ತಿದ್ರಂತೆ! ಎಂಥಾ ಮನೆ ಹುಡುಗಿ ಬರ್ತಿದಾಳೆ ಅಂತ."

"ಅದು ನಿನ್ನ ಕುದುರೆ ಕಣೇ."

"ಹೋಗ್ಲಿ ಬಿಡಮ್ಮ. ಅಪ್ಪ ಇನ್ನೊಂದು ಕೊಡ್ತೀನಿ ಅಂದಿದಾರೆ."

"ಯಾರದ್ದನ್ನ?" ಎಂದೆ.