ಕಸೂತಿ ಕ್ಲಾಸಿನ ಪ್ಲಗಿನ್

ನಾನು ಒಂದು ಪ್ಲಗಿನ್. ಗೋಡೆಗೆ ಚುಚ್ಚುವ ವಸ್ತು ಅಂದುಕೊಳ್ಳಬೇಡಿ. ನನ್ನನ್ನು ಕೈಯಲ್ಲಿ ಹಿಡಿಯಲಾಗದು. ಕಂಪ್ಯೂಟರಿನೊಳಗೆ ಸಣ್ಣದೊಂದು ಫೈಲಾಗಿ ಕೂತಿರುತ್ತೇನೆ. ಆದರೂ ನನಗೊಂದು ಊರಿದೆ, ಹೆತ್ತವಳಿದ್ದಾಳೆ, ಮಾಡಿದ ಕೆಲಸವಿದೆ. ಅದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ನಾನು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಬೇಕರಿಯೊಂದರ ಮೇಲಿನ ಎರಡು ಕೋಣೆಯ ಆಫೀಸಿನಲ್ಲಿ. ಶಹನಾಜ್ ಮತ್ತು ಪ್ರಸನ್ನ ಎಂಬಿಬ್ಬರು ಅಲ್ಲಿ ಯಂತ್ರಗಳಿಗೆ ಪರದೆ, ಅಂದರೆ ಸ್ಕ್ರೀನಿನ ಮೇಲೆ ಕಾಣುವ ಚಿತ್ರ, ಗುಂಡಿಗಳನ್ನು ಮಾಡಿಕೊಡುತ್ತಿದ್ದರು. ಒಮ್ಮೆ ಧಾರವಾಡದಿಂದ ಅನ್ನಪೂರ್ಣಕ್ಕ ಬಂದರು. ಇಡೀ ಆಯುಷ್ಯ ಕಸೂತಿ ಕಲಿಸಿದವರು. ಈಗ ಕಣ್ಣು ಮಂಜಾಗುತ್ತಿತ್ತು. ಇದು ವಾಸಿಯಾಗುವಂಥದ್ದಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

“ಬಟ್ಟೀ ಎಳಿ ಕಾಣವಲ್ವು ತಂಗಿ,” ಅಂದರು ಶಹನಾಜ್‌ಗೆ. “ದೊಡ್ಡ ಟಿವಿ ಮ್ಯಾಲ ಒಂದೊಂದ ಹೊಲಿಗೀ ಕಾಣೂಹಂಗ ಮಾಡಿಕೊಡು. ಆಗಂಗಿಲ್ಲ ಅಂದ್ರ ಈಗ ಹೇಳಿಬಿಡು. ಶ್ರಾವಣಕ್ಕ ಕ್ಲಾಸ್ ಬಂದ್ ಮಾಡತೀನಿ.”

“ಅದೇನ್ ದೊಡ್ಡ ಮಾತ್ರೀ ಅಕ್ಕಾರ,” ಅಂದ ಪ್ರಸನ್ನ.

ಅವನು ಪರದೆ ಬರೆಯುತ್ತಿದ್ದ ಕಂಪ್ಯೂಟರ್ ಭಾಷೆಯ ಸ್ವಭಾವ ಹೇಳುತ್ತೇನೆ ಕೇಳಿ. ಅದರಲ್ಲಿ ಏನು ಬೇಕು ಅಂತ ಹೇಳಿದರೆ ಸಾಕು. ಹೇಗೆ ಮಾಡಬೇಕು ಅಂತ ಹೇಳುವ ಉಸಾಬರಿಯಿಲ್ಲ. ‘ಇಲ್ಲೊಂದು ಚೌಕವಿರಲಿ, ಅದು ಕೆಂಪಗಿರಲಿ, ಪಕ್ಕದ್ದು ದೊಡ್ಡದಾದರೆ ಇದೂ ದೊಡ್ಡದಾಗಲಿ.’ ಮದುವೆ ಮನೆಯಲ್ಲಿ ಕುರ್ಚಿ ಬಿಟ್ಟೇಳದೆ ಅಪ್ಪಣೆ ಕೊಡುವ ಹಿರಿಯರಿರುತ್ತಾರಲ್ಲ, ಹಾಗೆ. ಒಳ್ಳೆಯ ಭಾಷೆಯೇ. ಆದರೆ ಕಸೂತಿಯ ಒಂದು ಗೋಪುರಕ್ಕೆ ಸಾವಿರಾರು ಹೊಲಿಗೆ. ಪ್ರಸನ್ನ ಒಂದೊಂದು ಹೊಲಿಗೆಗೂ ಒಂದೊಂದು ಚೌಕ ಇಡಿಸಿದ. ಪರದೆಗೆ ಏದುಸಿರು ಬಂತು. ಗುಂಡಿ ಒತ್ತಿ ಕೆಳಗಿಳಿದು ಚಹಾ ಕುಡಿದು ಬಂದರೂ ಮುಂದಿನ ಹೊಲಿಗೆ ಮೂಡಿರಲಿಲ್ಲ.

“ಏನಪಾ, ನಿನ್ನ ಟಿವಿ ಇವತ್ತ ಉಪವಾಸ ಐತೇನು?” ಅಂದಳು ಶಹನಾಜ್.

“ನನ್ನ ಕೈಲೆ ಆಗೂದು ಇಷ್ಟ. ಇನ್ನ ನೀ ನೋಡ್ಕೊ.”

ಆಕೆ ನೋಡಿಕೊಂಡಳು. ನನ್ನನ್ನು ಸಿ ಪ್ಲಸ್ ಪ್ಲಸ್ ಎಂಬ ಇನ್ನೊಂದು ಭಾಷೆಯಲ್ಲಿ ಬರೆದು ಕಂಪೈಲ್ ಮಾಡಿದಳು. ಅಂದರೆ ಮನುಷ್ಯರು ಓದುವ ಬರಹವನ್ನು ಯಂತ್ರದ ಮೈಗೇ ಹತ್ತುವ ಹಾಗೆ ಪಾಕ ಇಳಿಸಿ ಗಟ್ಟಿ ಮಾಡಿದಳು. ಪ್ರಸನ್ನನ ಪರದೆಯ ಭಾಷೆಯಲ್ಲಿ ಚೌಕಕ್ಕೆ ಪದವಿತ್ತು, ಚಿತ್ರಕ್ಕೆ ಪದವಿತ್ತು, ಕಸೂತಿಗೆ ಇರಲಿಲ್ಲ. ಆ ಪದ ನಾನಾದೆ. ಈಗ ಪ್ರಸನ್ನ ‘ಇಲ್ಲೊಂದು ಕಸೂತಿ ಇರಲಿ, ಅದು ಗೋಪುರವಾಗಲಿ’ ಎಂದು ಬರೆದು ಕೈ ಕಟ್ಟಿ ಕೂತರೆ ಸಾಕಿತ್ತು. ಮಿಕ್ಕಿದ್ದೆಲ್ಲ ನನ್ನ ಪಾಲು. ಇಡೀ ಗೋಪುರವನ್ನು ಕಣ್ಣು ಮಿಟುಕಿಸುವುದರೊಳಗೆ ನಿಲ್ಲಿಸಿಬಿಟ್ಟೆ. ಒಂದು ಭಾಷೆಗೆ ಹೊಸ ಪದವಾಗಿ ಸೇರುವುದು ಎಲ್ಲರ ಹಣೆಯಲ್ಲೂ ಬರೆದಿರುವುದಿಲ್ಲ.

ಅನ್ನಪೂರ್ಣಕ್ಕನ ಮನೆಯ ಪಡಸಾಲೆಯಲ್ಲಿ ಟಿವಿಯ ಕೆಳಗಿನ ಸಣ್ಣ ಡಬ್ಬಿಯೊಳಗೆ ನನ್ನನ್ನು ಕೂಡಿಸಿದರು. ಹೆಣ್ಣುಮಕ್ಕಳು ಚಾಪೆಯ ಮೇಲೆ ಕೂತು, ನಾನು ತೋರಿಸಿದ ಹಾಗೆ ಒಂದೊಂದೇ ಹೊಲಿಗೆ ಹಾಕುತ್ತಾ ಬಂದರು. ನಾನು ಬೀಗುತ್ತಿದ್ದೆ. ಅನ್ನಪೂರ್ಣಕ್ಕ ಮಂಗಲಾ ಎಂಬಾಕೆಯ ಬಟ್ಟೆ ಇಸಿದುಕೊಂಡು ಹಿಂಬದಿಗೆ ತಿರುವಿ ಬೆರಳಾಡಿಸಿದರು. ಬೆರಳು ಒಂದೆಡೆ ನಿಂತಿತು.

“ಇಲ್ಲಿ ಗಂಟು ಯಾಕ ಬಂತ?”

“ಟಿವಿ ತೋರಿಸಿದಂಗ ಹಾಕೀನ್ರೀ ಅಕ್ಕಾರ,” ಅಂದಳು ಮಂಗಲಾ. “ದಾರ ನಟ್ಟನಡುವ ಹೋಗಿ ನಿಂತತಿ. ಹೊಳ್ಳಿ ಬರಾಕ ದಾರೀನ ಇಲ್ರಿ. ಗಂಟ ಹಾಕದ ಮತ್ತೇನ ಮಾಡ್ಲಿ?”

ಕಸೂತಿಯಲ್ಲಿ ಗವಂತಿ ಎಂಬ ಹೊಲಿಗೆಗೆ ಒಂದು ಕಟ್ಟಳೆಯಿದೆ. ದಾರ ಹೋಗುವಾಗ ಒಂದು ಮನೆ ಬಿಟ್ಟು ಒಂದು ಮನೆ ಹಿಡಿಯಬೇಕು. ಅದೇ ದಾರಿಯಲ್ಲಿ ಹಿಂದಿರುಗುತ್ತಾ ಬಿಟ್ಟ ಮನೆಗಳನ್ನು ತುಂಬಬೇಕು. ಹೊರಟ ಜಾಗಕ್ಕೇ ಬಂದು ಸೇರಬೇಕು. ಗಂಟು ಬೀಳಕೂಡದು. ಬಟ್ಟೆಯ ಹಿಂದೂ ಮುಂದೂ ಒಂದೇ ರೂಪ ಕಾಣಬೇಕು. ಪರದೆಯ ಮಂದಿಗಾದರೋ ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ ಬಿಡಿಸುವುದೇ ರೂಢಿ. ಪರದೆಗೆ ಹಿಂಬದಿಯೇ ಇಲ್ಲವಲ್ಲ. ನಾನೂ ಹಾಗೇ ತೋರಿಸಿದ್ದೆ.

“ಗಂಟಿನ ಕಸೂತಿ ಕಲಿಸೋದಕ್ಕಿಂತ ಬಾಗಲಾ ಹಾಕೋದು ಛಲೋ,” ಅಂದರು ಅನ್ನಪೂರ್ಣಕ್ಕ. ಸಿಟ್ಟಿನಿಂದಲ್ಲ. ಆಗಲೇ ನಿಶ್ಚಯಿಸಿಬಿಟ್ಟವರ ದನಿಯಲ್ಲಿ.

ಶಹನಾಜ್ ಡಬ್ಬಿ ಎತ್ತಿಕೊಂಡು ಹೋಗಲಿಲ್ಲ. ಚಾಪೆಯ ತುದಿಯಲ್ಲಿ ಕೂತು “ನನಗೂ ಒಂದ ಸೂಜಿ ಕೊಡ್ರಿ” ಅಂದಳು. ಮರುದಿನವೂ ಬಂದಳು, ಅದರ ಮರುದಿನವೂ.

“ಕೈ ಚುಚಕೊಂಡ್ಯೇನವ್ವಾ?” ಅನ್ನಪೂರ್ಣಕ್ಕ ಕಾಡುತ್ತಿದ್ದರು. “ಚುಚಕೊ, ಬಟ್ಟಿಗೆ ರಕ್ತಾ ಹಚ್ಚಬ್ಯಾಡ. ಕಂಪ್ಯೂಟರಿನಾಕಿ ಕಸೂತಿ ಕಲತ್ಲು ಅಂದ್ರ ನನಗ ಹೆಸರ ಬರ್ತೈತಿ.”

ಒಂದು ಮಧ್ಯಾಹ್ನ ಶಹನಾಜ್ ಸೂಜಿ ನಿಲ್ಲಿಸಿ ಕೇಳಿದಳು: “ಕವಲ ಬಂತಂದ್ರ ಮೊದಲ ಅದರಾಗ ಹೋಗೂದು. ತುದಿ ಮುಟ್ಟೂದು. ಹೋದ ದಾರೀಲೆ ಹೊಳ್ಳಿ ಬಂದು ಮುಂದ ನಡಿಯೂದು. ಹೌದಲ್ರಿ ಅಕ್ಕಾರ?”

“ಹೌದು. ಇಷ್ಟ ದಿನ ನಾ ಹೇಳಿದ್ದಾದ್ರೂ ಏನು? ಅದನ್ನ ನಿನ್ನ ಡಬ್ಬಿಗಿ ಹೇಳು.”

ಹೇಳಿದಳು. ನನ್ನನ್ನು ತಿದ್ದಿ ಮತ್ತೆ ಕಂಪೈಲ್ ಮಾಡಿದಳು. ನನಗದು ಎರಡನೆಯ ಜನ್ಮ. ಈ ಸಲ ದಾರ ಹೋಗುವುದನ್ನು ಕೆಂಪಿನಲ್ಲಿ, ಹಿಂದಿರುಗುವುದನ್ನು ಹಸಿರಿನಲ್ಲಿ ತೋರಿಸಿದೆ. ಅನ್ನಪೂರ್ಣಕ್ಕ ಬೇಕೆಂದೇ ಅಂಬಾರಿ ಹೊತ್ತ ಆನೆ ಹಾಕಿಸಿದರು. ಸೊಂಡಿಲು, ಗೊಂಡೆ, ಎಲ್ಲಿ ನೋಡಿದರೂ ಕವಲು. ಮಂಗಲಾ ಹೊಲಿದು ಮುಗಿಸಿದಳು. ಅವರು ಬಟ್ಟೆಯ ಬೆನ್ನಿನ ಮೇಲೆ ಬೆರಳಾಡಿಸಿದರು. ಬಾಲದಿಂದ ಸೊಂಡಿಲಿನವರೆಗೆ ಎಲ್ಲೂ ಬೆರಳು ನಿಲ್ಲಲಿಲ್ಲ.

“ದಾರಾ ಭಾಳ ಜಗ್ಗೀದಿ,” ಅಂದರು. “ನಾಳೆ ಬಿಚ್ಚಿ ಮತ್ತ ಹಾಕು.”

ಮಂಗಲಾ ಮೋರೆ ಸಣ್ಣ ಮಾಡಿಕೊಂಡಳು. ಶಹನಾಜ್ ಮಾತ್ರ ನಕ್ಕಳು. ನಾಳೆ ಕ್ಲಾಸ್ ಇದೆ ಎಂಬುದು ಆಕೆಗೆ ಕೇಳಿಸಿತ್ತು, ನನಗೂ. ಶ್ರಾವಣ ಬಂದು ಹೋಯಿತು, ಬಾಗಿಲು ತೆರೆದೇ ಇತ್ತು.

ವರ್ಷಗಳು ಕಳೆದವು. ಶಹನಾಜ್ ಆಫೀಸನ್ನು ಮಹಾಂತೇಶ ಎಂಬವನ ಕೈಗೊಪ್ಪಿಸಿ ಕಲಬುರಗಿಗೆ ಹೋದಳು. ಪರದೆಯ ಭಾಷೆಗೆ ಹೊಸ ಆವೃತ್ತಿ ಬಂತು. ಹಳೆಯದಕ್ಕೆ ಕಂಪೈಲಾದ ನನ್ನನ್ನು ಅದು ಹೊಸ್ತಿಲ ಒಳಗೇ ಬಿಟ್ಟುಕೊಳ್ಳಲಿಲ್ಲ. ಮಹಾಂತೇಶ ಶಹನಾಜ್ ಬರೆದಿಟ್ಟ ಮೂಲವನ್ನೇ ಹೊಸದಾಗಿ ಕಂಪೈಲ್ ಮಾಡಿದ. ಹಾಗೆ ಹುಟ್ಟಿದ ನನ್ನ ತಮ್ಮಂದಿರು ಬೆಳಗಾವಿ, ಗದಗಗಳ ಕ್ಲಾಸುಗಳಲ್ಲಿ ದುಡಿಯುತ್ತಿದ್ದಾರೆ. ನಾನು ಇದೇ ಡಬ್ಬಿಯಲ್ಲಿ, ಹಳೆಯ ಭಾಷೆಯ ಜೊತೆ ಮುದುಕನಾಗಿದ್ದೇನೆ. ನಮ್ಮಿಬ್ಬರನ್ನೂ ಯಾರೂ ಅಲುಗಾಡಿಸಿಲ್ಲ.

ಅನ್ನಪೂರ್ಣಕ್ಕನಿಗೆ ಈಗ ಟಿವಿಯೂ ಕಾಣುವುದಿಲ್ಲ. ಬೆಳಕು ಕತ್ತಲೆ ಅಷ್ಟೇ ತಿಳಿಯುತ್ತದೆ. ಆದರೂ ದಿನಾ ಬೆಳಿಗ್ಗೆ ಅವರ ಮೊದಲ ಮಾತು, “ಟಿವಿ ಹಚ್ಚರವಾ.” ಮೊನ್ನೆ ಕಾಲೇಜಿನ ಹುಡುಗಿಯರು ಕ್ಲಾಸ್ ನೋಡಲು ಬಂದಿದ್ದರು. ಒಬ್ಬಳು ಅಳುಕುತ್ತಲೇ ಕೇಳಿದಳು: “ಕಣ್ಣ ಕಾಣಂಗಿಲ್ಲ ಅಂತೀರಿ. ಮತ್ತ ಒಬ್ಬಾಕೇ ಹೆಂಗ ಕಲಸ್ತೀರಿ ಅಜ್ಜಿ?”

“ಒಬ್ಬಾಕಿ ಅಂತ ಯಾರ ಹೇಳಿದ್ರು?” ಅಂದರು ಅನ್ನಪೂರ್ಣಕ್ಕ. “ಅದು ತೋರಸತೈತಿ, ನಾ ತಿದ್ದತೀನಿ. ಇಬ್ಬರ ಅದೀವಿ.”

ಹುಡುಗಿ ಇನ್ನೊಬ್ಬ ಟೀಚರನ್ನು ಹುಡುಕುತ್ತಾ ಪಡಸಾಲೆಯಲ್ಲೆಲ್ಲ ಕಣ್ಣಾಡಿಸಿದಳು. ನಾನು ಗೋಪುರದ ಮುಂದಿನ ಹೊಲಿಗೆ ತೋರಿಸಿದೆ.